ಅಜ್ಜ ಕಂಡ ದೂರದ ಊರು

ನಮ್ಮ ಅಜ್ಜನವರು ತಿರುಗಿದಷ್ಟು ಊರುಗಳನ್ನು ನಮ್ಮ ವಂಶದಲ್ಲಿ ಅವರ ಹಿಂದಿನವರಾರೂ ತಿರುಗಿದವರಲ್ಲ. ಮುಂದಿನವರಾದ ನಾವು ವಿಮಾನ ಹತ್ತಿ ಸಮುದ್ರ ದಾಟಿ ಬಂದಿದ್ದೇವೆ, ನಿಜ. ಆದರೆ ಹೋದ ಊರಿನ ವಿಷಯ ಹೇಳಿರೆಂದು ಯಾರಾದರೂ ಕೇಳಿದರೆ ಅಲ್ಲಿಯ ಚಳಿಯನ್ನೂ ಕಾಫಿಯ ಕ್ರಯವನ್ನೂ ಹೇಳಿ ಸುಮ್ಮನಾಗುತ್ತೇವೆ. ಅಜ್ಜನವರು ಹಾಗಲ್ಲ. ಗುಂತಕಲ್ಲಿನ ಸ್ಟೇಶನ್ನಿನಲ್ಲಿ ರಾತ್ರಿ ಎರಡು ಗಂಟೆಗೆ ಚಹ ಮಾರುವವನಿಗೆ ಎಷ್ಟು ಮಕ್ಕಳು, ಮೀರಜಿನಲ್ಲಿ ತಂಬೂರಿ ಮಾಡುವವರ ಓಣಿಗೆ ಯಾವ ದಾರಿಯಿಂದ ಹೋಗಬೇಕು, ಕ್ಯಾಸಲ್‌ರಾಕಿನಲ್ಲಿ ಗೋವೆಯ ಪ್ರಯಾಣಿಕರ ಗಂಟುಮೂಟೆ ಬಿಚ್ಚಿಸುವಾಗ ಸುಂಕದವರ ಕೈ ಮೊದಲು ಎಲ್ಲಿಗೆ ಹೋಗುತ್ತದೆ—ಇವೆಲ್ಲ ಅವರಿಗೆ ಕಂಠಪಾಠ. ಶಿರಾಲಿಯ ಮನೆಯ ಜಗಲಿಯಲ್ಲಿ ಅವರು ಕಾಲು ಚಾಚಿ ಕುಳಿತರೆಂದರೆ ಭರತಖಂಡದ ಅರ್ಧ ಭಾಗ ನಮ್ಮ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು.

ಅವರು ರೈಲ್ವೆ ಟಪಾಲು ಖಾತೆಯಲ್ಲಿ ಸಾರ್ಟರರಾಗಿದ್ದರು. ಈಗಿನ ಮಕ್ಕಳಿಗೆ ಈ ಹೆಸರೇ ತಿಳಿಯದು. ಓಡುವ ರೈಲಿಗೆ ಟಪಾಲಿನದೇ ಒಂದು ಡಬ್ಬಿ ಜೋಡಿಸಿರುತ್ತಿದ್ದರು. ಅದರ ಗೋಡೆಯ ತುಂಬ ಪಾರಿವಾಳದ ಗೂಡುಗಳಂಥ ಖಾನೆಗಳು. ರಾತ್ರಿಯೆಲ್ಲ ದೀಪದ ಕೆಳಗೆ ನಿಂತು, ಚೀಲಗಳ ಅರಗಿನ ಮುದ್ರೆ ಒಡೆದು, ಒಂದೊಂದು ಕಾಗದದ ವಿಳಾಸ ನೋಡಿ ಅದರದರ ಖಾನೆಗೆ ಹಾಕಬೇಕು. ಮುಂದಿನ ಜಂಕ್ಷನ್ನು ಬರುವುದರೊಳಗೆ ಕಟ್ಟು ಕಟ್ಟಿ, ಮತ್ತೆ ಚೀಲಕ್ಕೆ ತುಂಬಿ, ಅರಗು ಹಾಕಿ ಇಳಿಸಬೇಕು. ಪಿನ್ ಕೋಡು ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕಿಂತ ಮೊದಲು ಯಾವ ಹಳ್ಳಿಯ ಕಾಗದ ಯಾವ ಪೇಟೆಯ ಮೇಲಿಂದ ಹೋಗಬೇಕೆಂಬುದು ಸಾರ್ಟರನ ತಲೆಯಲ್ಲಿ ಇರಬೇಕಾಗಿತ್ತು. ಆರಂಕಿಯ ಈ ಹೊಸ ವ್ಯವಸ್ಥೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ಅಜ್ಜನವರು ಕನ್ನಡಕ ತೆಗೆದು ಒರೆಸಿಕೊಂಡು, “ಇನ್ನು ಮೇಲೆ ಊರಿನ ಹೆಸರು ಬರೆಯುವ ಶ್ರಮವೂ ಬೇಡ ಅನ್ನು” ಎಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ಹಳೆಯ ಗೆಳೆಯರನ್ನು ನಂಬರಿನಿಂದ ಕರೆಯಬೇಕಾಗಿ ಬಂದವರ ಸಂಕೋಚವಿತ್ತು.

ರೈಲಿನಲ್ಲಿ ಆಯುಷ್ಯ ಸವೆಸಿದ ಈ ಮನುಷ್ಯನ ಊರಿಗೆ ರೈಲಿರಲಿಲ್ಲ. ಕುಮಟೆ, ಹೊನ್ನಾವರ, ಭಟ್ಕಳ—ನಮ್ಮ ಈ ಮೂರೂ ಊರುಗಳು ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುನಡುವೆ ಹೊಳೆಗಳು ಎಂಬ ಕಟ್ಟಿನೊಳಗೆ ಬಿದ್ದವು. 1897ರಲ್ಲಿ ಹುಟ್ಟಿದ ಅಜ್ಜನವರು ಮೊದಲ ಸಲ ಊರು ಬಿಟ್ಟದ್ದು ಹದಿನೆಂಟನೆಯ ವಯಸ್ಸಿನಲ್ಲಿ, ಮುಂಬಯಿಗೆ, ಆಗಬೋಟಿಯಲ್ಲಿ. ಆಗಬೋಟಿ ದಂಡೆಗೆ ಬರುತ್ತಿರಲಿಲ್ಲ. ದೂರ ಸಮುದ್ರದಲ್ಲಿ ಹೊಗೆ ಬಿಡುತ್ತ ನಿಂತಿರುತ್ತಿತ್ತು. ಹೊನ್ನಾವರದ ಅಳಿವೆ ದಾಟಿ ದೋಣಿಯಲ್ಲಿ ಹೋಗಿ, ತೆರೆ ಏರಿದ ಕ್ಷಣ ನೋಡಿ ಅದರ ಏಣಿಗೆ ಕೈಹಾಕಬೇಕು. ಮಳೆಗಾಲ ಹಿಡಿಯಿತೆಂದರೆ ಅದೂ ಬಂದ್. ಮುಂಬಯಿಯಲ್ಲಿ ಗಾಂವದೇವಿಯಲ್ಲಿ ನಮ್ಮ ಸಾರಸ್ವತರು 1915ರಲ್ಲಿ ಕಟ್ಟಿಕೊಂಡ ಸಹಕಾರಿ ವಸತಿ ಸಂಘದಲ್ಲಿ ಸಂಬಂಧಿಕರೊಬ್ಬರ ಮನೆಯಿತ್ತು. ಅವರ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ನಾಲ್ಕೈದು ವರ್ಷ ಗುಮಾಸ್ತಗಿರಿ ಮಾಡಿ, 1920ರಲ್ಲಿ ಟಪಾಲು ಖಾತೆ ಸೇರಿ ಹುಬ್ಬಳ್ಳಿಗೆ ಬಂದರು.

ಅಲ್ಲಿದ್ದವರ ಅಡ್ಡಹೆಸರುಗಳೇ ಒಂದು ಭೂಪಟ ಎಂದು ಅಜ್ಜನವರು ನಗುತ್ತಿದ್ದರು. ಕುಮಟಾ, ಹೊನ್ನಾವರ, ಭಟ್ಕಳ, ಶಿರಾಲಿ, ಮುರ್ಡೇಶ್ವರ, ಹಳದೀಪುರ, ಗೋಕರ್ಣ—ಎಲ್ಲವೂ ಮನುಷ್ಯರ ಹೆಸರಾಗಿ ಒಂದೇ ಏಣಿಮೆಟ್ಟಿಲು ಹತ್ತಿ ಇಳಿಯುತ್ತಿದ್ದವಂತೆ. ಊರು ಬಿಟ್ಟವರಿಗೇ ಊರಿನ ಹೆಸರು ಅಂಟಿಕೊಳ್ಳುವುದು. ಊರಿನಲ್ಲೇ ಉಳಿದವನಿಗೆ ಅದರ ಅಗತ್ಯವೇನು? ಮನುಷ್ಯರದಿರಲಿ, ಹತ್ತಿಗೂ ಹಾಗೆಯೇ ಆಗಿತ್ತು. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಯೆಲ್ಲ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಬಂತು. ಅಲ್ಲಿಂದ ಹಡಗು ಹತ್ತಿತು. ಕುಮಟೆಯಲ್ಲಿ ಒಂದು ಹತ್ತಿಯ ಗಿಡ ಬೆಳೆಯದಿದ್ದರೂ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’ ಎಂದೇ ಆಯಿತು. ಘಟ್ಟದ ಮೇಲೆ ರೈಲು ಬಂದ ಮೇಲೆ ವ್ಯಾಪಾರ ಹೋಯಿತು, ಹೆಸರು ಉಳಿಯಿತು. ಅಜ್ಜಿಯ ತವರು ಕುಮಟೆ. ಆದುದರಿಂದ ಈ ಕಥೆಯನ್ನು ಅಜ್ಜನವರು ಹೇಳುವಾಗಲೆಲ್ಲ, “ನಿಮ್ಮ ಅಜ್ಜಿಯೂ ಕುಮಟಾ ಹತ್ತಿಯೇ. ನೋಡಲು ಮೆತ್ತಗೆ, ಹೊಸೆದರೆ ಹಗ್ಗ” ಎಂದು ಮುಗಿಸುತ್ತಿದ್ದರು. ಒಳಗಿನಿಂದ ಪಾತ್ರೆಯ ಸಪ್ಪಳವೊಂದೇ ಉತ್ತರ.

ಅವರನ್ನು ಪ್ರೀತಿಸದವರು ಯಾರು? ಭಟ್ಕಳದ ಪೇಟೆಯಿಂದ ಹೊನ್ನಾವರದ ದಕ್ಕೆಯವರೆಗೆ ಅವರು ಎಲ್ಲರಿಗೂ ‘ಟಪಾಲುಮಾಮ’. ರಜೆಗೆ ಬರುವಾಗ ಅವರ ಟ್ರಂಕಿನಲ್ಲಿ ಸ್ವಂತ ಬಟ್ಟೆ ಎರಡು ಜೊತೆ, ಮಿಕ್ಕದ್ದೆಲ್ಲ ಮಂದಿಯದು. ಧಾರವಾಡದ ಫೇಡೆ, ಬೆಳಗಾವಿಯ ಕುಂದ, ಯಾರದೋ ಸೊಸೆಗೆ ಇಳಕಲ್ಲಿನ ಸೀರೆ, ಯಾರದೋ ಮಗನಿಗೆ ಪುಣೆಯ ಪಂಚಾಂಗ. ಸಂಜೆಯಾದರೆ ಜಗಲಿಯಲ್ಲಿ ಜನ. ಮಗ ಮುಂಬಯಿಯಿಂದ ಕಾಗದ ಬರೆಯದಿದ್ದರೆ ತಾಯಂದಿರು ಅಜ್ಜನವರನ್ನು ಕೇಳಲು ಬರುತ್ತಿದ್ದರು—ದೇಶದ ಕಾಗದಗಳೆಲ್ಲ ಇವರ ಕೈಮೇಲಿಂದಲೇ ಹಾಯುವಂತೆ! ಅಜ್ಜನವರು ಒಬ್ಬರಿಗೂ “ನನಗೇನು ಗೊತ್ತು?” ಎಂದದ್ದನ್ನು ನಾನು ಕೇಳಿಲ್ಲ. “ಮುಂಬಯಿಯಲ್ಲಿ ಮಳೆ ಜೋರು, ತಂಗಿ. ಚೀಲಗಳು ತಡವಾಗುತ್ತಿವೆ. ಮಂಗಳವಾರದೊಳಗೆ ಬಂದೀತು” ಎನ್ನುತ್ತಿದ್ದರು. ಆಮೇಲೆ ಆ ಮಗನಿಗೆ ತಾವೇ ಒಂದು ಕಾರ್ಡು ಬರೆದು ಬೈಯುತ್ತಿದ್ದರು. ಕಾಗದ ಬಂದೇ ಬರುತ್ತಿತ್ತು. ಟಪಾಲುಮಾಮನ ಬಾಯಿ ಸುಳ್ಳಾಗದೆಂದು ಊರು ನಂಬಿತ್ತು.

ನಾವು ಧಾರವಾಡದಲ್ಲಿದ್ದೆವು. ಬೇಸಗೆಯ ರಜೆಯಲ್ಲಿ ಹುಬ್ಬಳ್ಳಿಯಿಂದ ಬಸ್ಸು ಹಿಡಿದು, ಘಟ್ಟ ಇಳಿದು, ಕುಮಟೆಯಲ್ಲಿ ಅಜ್ಜಿಯ ತವರಿನಲ್ಲಿ ಊಟ ಮುಗಿಸಿ ಹೊನ್ನಾವರಕ್ಕೆ ಬರುವಷ್ಟರಲ್ಲಿ ಸಂಜೆ. ಶರಾವತಿಗೆ ಆಗ ಅಲ್ಲಿ ಸೇತುವೆಯಿರಲಿಲ್ಲ. ತಾರಿಯ ದೋಣಿಯಲ್ಲಿ ಆಚೆ ಕಾಸರಕೋಡಕ್ಕೆ ದಾಟಿ ಬೇರೆ ಬಸ್ಸು ಹತ್ತಬೇಕು. ಮನೆ ಹೊಳೆಯಾಚೆ ಇರುವುದರಿಂದ ಅಜ್ಜನವರು ಕಾಸರಕೋಡದಲ್ಲಿ ಕಾದಿದ್ದರೆ ಸಾಕಾಗಿತ್ತು. ಆದರೆ ಅವರು ಯಾವಾಗಲೂ ಹೊಳೆ ದಾಟಿ ಹೊನ್ನಾವರದ ದಂಡೆಗೇ ಬಂದು ನಿಂತಿರುತ್ತಿದ್ದರು. ಕರಿಯ ಟೋಪಿ, ಕೊರಳು ಮುಚ್ಚಿದ ಕೋಟು, ಕಂಕುಳಲ್ಲಿ ಕೊಡೆ. ನಮ್ಮನ್ನು ಎಣಿಸಿ ದೋಣಿಗೆ ಹತ್ತಿಸಿ, ಕೊನೆಗೆ ತಾವು ಹತ್ತುತ್ತಿದ್ದರು. ಬಾಯಿ ಮುಚ್ಚದ ಮನುಷ್ಯ ಆ ಹೊಳೆಯ ಮೇಲೆ ಮಾತ್ರ ಮಾತಾಡುತ್ತಿರಲಿಲ್ಲ. ಆಚೆ ದಂಡೆಗೆ ಕಾಲಿಟ್ಟ ಮೇಲೆ ಅಂಬಿಗನ ಕೈಗೆ ತಾರಿಯ ಹಣದ ಮೇಲೆ ಇನ್ನೊಂದು ಎರಡಾಣೆ ಇಟ್ಟು, “ನಡೆಯಿರಿ” ಎನ್ನುತ್ತಿದ್ದರು.

ಒಂದು ಸಂಜೆ, ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ, ನಾನು ಕೇಳಿದೆ: “ಅಜ್ಜಾ, ನೀವು ಹೋದ ಊರುಗಳಲ್ಲಿ ಎಲ್ಲಕ್ಕಿಂತ ದೂರದ್ದು ಯಾವುದು?” ಪಿಂಚಣಿಯಾದ ಮೇಲೆ ಅವರು ಕಾಶಿಗೆ ಹೋಗಿ ಬಂದಿದ್ದರು, ಹರಿದ್ವಾರ, ಪುರಿ, ರಾಮೇಶ್ವರ ಎಲ್ಲ ಆಗಿತ್ತು. ಹರಿದ್ವಾರವೆನ್ನುವರೆಂದು ನಾವು ಕಾದೆವು.

“ಕಾಸರಕೋಡ, ಪುತಾ” ಎಂದರು.

ನಾವೆಲ್ಲ ನಕ್ಕೆವು. ಚಿಕ್ಕಪ್ಪನೊಬ್ಬ ಇದು ಟಪಾಲಿನ ವಿನೋದವೆಂದು ಅರ್ಥ ಹೇಳಿದ. ನಮ್ಮ ಹೊಳೆಯಾಚೆ ಒಂದು ಕಾಸರಕೋಡ, ಮಂಗಳೂರಿನಾಚೆ ಇನ್ನೊಂದು ಕಾಸರಗೋಡು. ಹೊಸ ಸಾರ್ಟರರು ಒಂದರ ಕಾಗದವನ್ನು ಇನ್ನೊಂದಕ್ಕೆ ಹಾಕಿದರೆ ಅದು ಇಡೀ ಕರಾವಳಿ ಸುತ್ತಿ ಬರಬೇಕು. ಆದುದರಿಂದ ಕಾಸರಕೋಡವೇ ದೂರ! ಅಜ್ಜನವರು ಅದನ್ನು ಅಲ್ಲಗಳೆಯಲಿಲ್ಲ. ಅವರೂ ನಕ್ಕರು. ನಮ್ಮ ಮನೆಯಲ್ಲಿ ಅದೊಂದು ಗಾದೆಯೇ ಆಯಿತು. ಯಾರಾದರೂ ತಡವಾಗಿ ಬಂದರೆ, “ಏನು, ಕಾಸರಕೋಡಕ್ಕೆ ಹೋಗಿದ್ದೆಯಾ?” ಎನ್ನುತ್ತಿದ್ದೆವು. ಅಜ್ಜಿಯೊಬ್ಬರೇ ಆ ಗಾದೆಗೆ ಎಂದೂ ನಕ್ಕವರಲ್ಲ. ಅವರ ಸ್ವಭಾವವೇ ಹಾಗೆಂದು ನಾವು ತಿಳಿದಿದ್ದೆವು.

ಹೊನ್ನಾವರದ ವಿಷಯ ಬಂದಾಗ ಅಜ್ಜನವರು ತಪ್ಪದೆ ಹೇಳುತ್ತಿದ್ದ ಇನ್ನೊಂದು ಮಾತಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಲೋಕವೆಲ್ಲ ಸುತ್ತಿದ ಇಬ್ನ್ ಬತೂತನೆಂಬ ಪ್ರವಾಸಿ ಈ ಊರಿಗೆ ಬಂದಿದ್ದ. ತಾನು ಇಲ್ಲಿ ಗಂಡುಹುಡುಗರ ಶಾಲೆ 23, ಹೆಣ್ಣುಹುಡುಗಿಯರ ಶಾಲೆ 13 ಕಂಡೆನೆಂದು ಅವನು ಬರೆದಿಟ್ಟಿದ್ದಾನೆ. “ಹದಿಮೂರು ಶಾಲೆ, ಹೆಣ್ಣುಮಕ್ಕಳಿಗೇ!” ಎಂದು ಅಜ್ಜನವರು ಬೆರಳೆತ್ತಿ ಹೇಳುತ್ತಿದ್ದರು. “ಲೋಕ ತಿರುಗಿದವನು ಎಣಿಸಿದ್ದು ಏನನ್ನು ನೋಡಿದಿರಾ? ಕೋಟೆಯನ್ನಲ್ಲ.” ಅವರು ತಮ್ಮ ಹೆಣ್ಣುಮಕ್ಕಳನ್ನು ಮ್ಯಾಟ್ರಿಕ್ಕಿನವರೆಗೆ ಓದಿಸಿದ್ದು ಆ ಕಾಲಕ್ಕೆ ಸಣ್ಣ ವಿಷಯವಾಗಿರಲಿಲ್ಲ.

ಅವರ ಗೆಳೆಯರಲ್ಲಿ ನಮಗೆ ಬಹಳ ಇಷ್ಟವಾದವರು ಭಟ್ಕಳದ ಒಬ್ಬ ನವಾಯತ ಸಾಹೇಬರು. ಮದರಾಸಿನಲ್ಲಿ ಅವರದು ಬಟ್ಟೆಯ ಅಂಗಡಿ. ಭಟ್ಕಳದ ನವಾಯತರು ಹಿಂದಿನಿಂದಲೂ ಹೀಗೆಯೇ—ಮನೆ ಇಲ್ಲಿ, ಅಂಗಡಿ ಮದರಾಸು, ಕಲ್ಲಿಕೋಟೆ, ಕೊಲಂಬೊಗಳಲ್ಲಿ. ವರ್ಷಕ್ಕೊಮ್ಮೆ ಅವರು ಊರಿಗೆ ಬಂದಾಗ ನಮ್ಮಲ್ಲಿಗೆ ಬರದೆ ಹೋಗುತ್ತಿರಲಿಲ್ಲ. ಕೈಯಲ್ಲಿ ಅಜ್ಜಿಗೆಂದು ಬಾಳೆಯೆಲೆಯಲ್ಲಿ ಸುತ್ತಿದ ಭಟ್ಕಳ ಮಲ್ಲಿಗೆ, ನಮಗೆ ಮಿಠಾಯಿ. ಅವರ ನವಾಯತಿಯೂ ನಮ್ಮ ಕೊಂಕಣಿಯೂ ಅಕ್ಕತಂಗಿಯರು. ಅದರಲ್ಲಿ ಅರಬಿ-ಫಾರಸಿ ಮಾತು ಬೆರೆತಿರುತ್ತದೆ, ಅಷ್ಟೆ. ಇಬ್ಬರೂ ತಮ್ಮ ತಮ್ಮ ಮಾತಿನಲ್ಲೇ ಆಡಿಕೊಳ್ಳುತ್ತಿದ್ದರು. ಹೆಚ್ಚಾಗಿ ಸುಮ್ಮನೆ ಕುಳಿತಿರುತ್ತಿದ್ದರು. ಮಾತಿನ ಮಲ್ಲರಾದ ಅಜ್ಜನವರು ಇವರೊಬ್ಬರ ಎದುರಿಗೆ ಸುಮ್ಮನಿರಬಲ್ಲರೆಂಬುದು ನಮಗೆ ಸೋಜಿಗ.

ಅಜ್ಜನವರು 1974ರ ಚಳಿಗಾಲದಲ್ಲಿ ತೀರಿಕೊಂಡರು. ಮುಂಬಯಿ ಇಲಾಖೆಯಲ್ಲಿ ಹುಟ್ಟಿದವರು, 1956ರಲ್ಲಿ ಜಿಲ್ಲೆ ಮೈಸೂರಿಗೆ ಸೇರಿದ್ದನ್ನೂ 1973ರಲ್ಲಿ ರಾಜ್ಯ ಕರ್ನಾಟಕವಾದದ್ದನ್ನೂ ಕಂಡು, ಮನೆಯ ಹೊಸ್ತಿಲು ಒಂದಂಗುಲ ಕದಲದೆ ಮೂರು ಹೆಸರಿನ ರಾಜ್ಯಗಳಲ್ಲಿ ಬಾಳಿದವರು. ಹದಿಮೂರನೆಯ ದಿನದ ಊಟಕ್ಕೆ ಎಷ್ಟು ಜನ ಬಂದರೆಂದರೆ ಎಲೆ ಸಾಲದೆ ಪಕ್ಕದ ಮನೆಯ ಬಾಳೆಯನ್ನೂ ಕಡಿಯಬೇಕಾಯಿತು. ಸಾಹೇಬರು ಮುಪ್ಪಿನಲ್ಲಿ ಬಗ್ಗಿಹೋಗಿದ್ದರು. ಮೊಮ್ಮಗನ ಹೆಗಲು ಹಿಡಿದುಕೊಂಡು ಬಂದು ಜಗಲಿಯ ತುದಿಯಲ್ಲಿ ಕುಳಿತರು. ನಾನು ನೀರು ಕೊಡಲು ಹೋದಾಗ, “ನಿನ್ನ ಅಜ್ಜ ನನಗೆ ಎರಡು ರಾತ್ರಿಯ ಗೆಳೆಯ. ಮಿಕ್ಕ ನಲವತ್ತಮೂರು ವರ್ಷ ಅದರ ಬಡ್ಡಿ” ಎಂದರು. ನನಗೆ ಅರ್ಥವಾಗಲಿಲ್ಲ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಜ್ಜಿಯನ್ನು ಕೇಳಿದೆ. ಅಜ್ಜಿ ಎದ್ದು ಹೋಗಿ ತಮ್ಮ ಗಂಧದ ಪೆಟ್ಟಿಗೆ ತಂದರು. ಕುಮಟೆಯ ಗುಡಿಗಾರರು ಕೆತ್ತಿದ್ದು. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಅದರ ತಳದಿಂದ ಒಂದು ಹಳದಿಯಾದ ಪೋಸ್ಟ್‌ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟರು. ಅಜ್ಜನವರ ಅಕ್ಷರ. 1931ರ ಜೂನ್ ತಿಂಗಳಲ್ಲಿ ಹುಬ್ಬಳ್ಳಿಯಿಂದ ಬರೆದದ್ದು. ‘ಆಷಾಢಕ್ಕೆ ಕುಮಟೆಗೆ ಹೋಗುವ ವಿಚಾರ ಈ ವರ್ಷ ಬೇಡ. ಮಳೆ ಬಹಳ ಎಂದು ಕೇಳಿದೆ. ಮಕ್ಕಳನ್ನು ಕಟ್ಟಿಕೊಂಡು ಹೊಳೆ ದಾಟುವ ಸಾಹಸ ಮಾಡಬಾರದು. ಅಮ್ಮನ ಹತ್ತಿರ ಶಿರಾಲಿಯಲ್ಲೇ ಇರಿ. ಮನೆಯಲ್ಲಿದ್ದರೆ ನನಗೆ ನಿಶ್ಚಿಂತೆ.’

ನನ್ನ ತಂದೆಯವರಿಗಿಂತ ಮೊದಲು ಒಬ್ಬ ಮಗಳಿದ್ದಳು. ನನಗೆ ದೊಡ್ಡ ಅತ್ತೆಯಾಗಬೇಕಾಗಿದ್ದವಳು. ಒಂಬತ್ತು ವರ್ಷ, ಕನ್ನಡ ಮೂರನೆಯ ಇಯತ್ತೆ. ಅಪ್ಪ ಬರೆದ ಕಾರ್ಡುಗಳನ್ನು ಮನೆಗೆಲ್ಲ ಓದಿ ಹೇಳುವವಳು ಅವಳೇ. ಈ ಕಾರ್ಡನ್ನೂ ಅವಳೇ ಓದಿದ್ದಂತೆ. ಕಾರ್ಡು ಬಂದು ತಿಂಗಳಾಗುವಷ್ಟರಲ್ಲಿ ಅವಳಿಗೆ ವಿಷಮಜ್ವರ ಹಿಡಿಯಿತು. ಭಟ್ಕಳದಿಂದ ತಂತಿ ಹೋಯಿತು. ಅಜ್ಜನವರು ತಂತಿ ಕೈಗೆ ಬಂದ ಗಳಿಗೆಯಲ್ಲೇ ಹೊರಟು, ಸುರಿಯುವ ಮಳೆಯಲ್ಲಿ ಘಟ್ಟ ಇಳಿದು, ಕುಮಟೆಯಲ್ಲಿ ನಿಲ್ಲದೆ ಹೊನ್ನಾವರಕ್ಕೆ ಬಂದು ಮುಟ್ಟಿದರು. ಶರಾವತಿ ದಂಡೆ ಮೀರಿ ಕೆಂಪಗೆ ಹರಿಯುತ್ತಿತ್ತು. ಲಿಂಗನಮಕ್ಕಿಯ ಅಣೆಕಟ್ಟು 1964ರದು. ಆ ಕಾಲದಲ್ಲಿ ಘಟ್ಟದ ಮೇಲೆ ಬಿದ್ದ ಮಳೆಯ ನೀರನ್ನು ಹಿಡಿದು ನಿಲ್ಲಿಸುವುದು ಯಾವುದೂ ಇರಲಿಲ್ಲ. ಅಳಿವೆಯಲ್ಲಿ ಸಮುದ್ರ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ನೂಕುತ್ತಿತ್ತು. ಯಾವ ಅಂಬಿಗನೂ ದೋಣಿ ಬಿಚ್ಚಲಿಲ್ಲ. ಬಿಚ್ಚದಿದ್ದುದು ಸರಿಯೇ, ಅವರಿಗೂ ಮಕ್ಕಳಿದ್ದರು.

ಎರಡು ರಾತ್ರಿ, ನಡುವೆ ಒಂದು ಹಗಲು. ಮಳೆ ತೆಳುವಾದಾಗಲೆಲ್ಲ ಕಾಸರಕೋಡದ ತೆಂಗಿನ ಮರಗಳು ಕಾಣುತ್ತಿದ್ದವು. ಮದರಾಸಿನಿಂದ ಹುಬ್ಬಳ್ಳಿಯ ಮೇಲೆ ಊರಿಗೆ ಹೊರಟ ಒಬ್ಬ ಅಪರಿಚಿತ ಬಟ್ಟೆ ವ್ಯಾಪಾರಿಯೂ ಅದೇ ದಂಡೆಯಲ್ಲಿ ಸಿಕ್ಕಿಬಿದ್ದಿದ್ದರು. ಮೊದಲ ರಾತ್ರಿ ಅಜ್ಜನವರು ಈಜುತ್ತೇನೆಂದು ನೀರಿಗಿಳಿದರಂತೆ. ಆ ವ್ಯಾಪಾರಿ ತೋಳು ಹಿಡಿದು ಎಳೆದು ತಂದು, ಬೆಳಗಾಗುವವರೆಗೆ ಕೈ ಬಿಡಲಿಲ್ಲವಂತೆ. ಎರಡನೆಯ ರಾತ್ರಿಯೂ ಹಾಗೆಯೇ ಪಕ್ಕದಲ್ಲಿ ಕುಳಿತಿದ್ದರಂತೆ. ಮೂರನೆಯ ಬೆಳಿಗ್ಗೆ ದೋಣಿ ಹೊರಟಿತು. ಅಜ್ಜನವರು ಮನೆ ಮುಟ್ಟಿದಾಗ ಎಲ್ಲವೂ ಮುಗಿದು ಒಂದು ದಿನವಾಗಿತ್ತು.

“ನೀವು ಅವರನ್ನು ಏನಾದರೂ ಅಂದಿರಾ?” ಎಂದು ಕೇಳಿದೆ. ನಾವು ಕುಮಟೆಗೆ ಹೋಗಿದ್ದರೆ ನಡುವೆ ಈ ಹೊಳೆ ಇರುತ್ತಿರಲಿಲ್ಲ ಎಂದು ಒಂದು ಸಲವಾದರೂ ಅನ್ನದೆ ಇರುವುದು ಹೇಗೆ?

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. “ಅವರು ಬರೆದದ್ದು ನಮ್ಮ ಜೀವಕ್ಕೆ ಹೆದರಿ. ಅದರಲ್ಲಿ ತಪ್ಪೆಲ್ಲಿ ಹುಡುಕಲಿ? ಕುಮಟೆಗೆ ಹೋಗಿದ್ದರೂ ಜ್ವರ ಬರುತ್ತಿರಲಿಲ್ಲವೆಂದು ಯಾರು ಹೇಳಬೇಕು? ಈ ಕಾರ್ಡು ಎಲ್ಲಿ ಹೋಯಿತೆಂದು ಅವರು ಒಂದು ಸಲ ಕೇಳಿದರು. ಒಲೆಗೆ ಹಾಕಿದೆ ಅಂದೆ. ಇಟ್ಟುಕೊಂಡದ್ದು ಅವರಿಗೆ ತಿಳಿಯಬಾರದೆಂದು. ಅವಳು ಕೊನೆಗೆ ಓದಿದ್ದು ಇದನ್ನೇ. ಹೇಗೆ ಸುಡಲಿ?” ಎಂದರು.

ಆಮೇಲೆ ಒಂದೊಂದೇ ತಿಳಿಯುತ್ತ ಬಂತು. 1931ರಿಂದ ಪಿಂಚಣಿ ತೆಗೆದುಕೊಂಡ 1952ರವರೆಗೆ ಅಜ್ಜನವರು ವರ್ಷವೆಲ್ಲ ಒಂದು ದಿನದ ರಜೆಯನ್ನೂ ತೆಗೆಯದೆ ಕೂಡಿಟ್ಟು, ಆಷಾಢ ಬಂದಿತೆಂದರೆ ಊರಿಗೆ ಬಂದುಬಿಡುತ್ತಿದ್ದರು. ರಜೆ ಸಾಲದ ವರ್ಷ ಸಂಬಳ ಬಿಟ್ಟು ಬಂದದ್ದೂ ಉಂಟು. ಹಲಸಿನ ಹಪ್ಪಳದ ಆಸೆಗೆ ಬರುತ್ತಾರೆಂದು ನಮ್ಮ ತಂದೆಯವರೆಲ್ಲ ಚೇಷ್ಟೆ ಮಾಡುತ್ತಿದ್ದರಂತೆ. ಹೊಳೆ ತುಂಬುವ ದಿನಗಳಲ್ಲಿ ತಾವು ಹೊಳೆಯ ಈಚೆ ಇರಬಾರದು, ಅಷ್ಟೆ. ನಮ್ಮನ್ನು ಕರೆದೊಯ್ಯಲು ಈಚೆ ದಂಡೆಗೇ ಬಂದು ನಿಲ್ಲುತ್ತಿದ್ದುದು, ಎಲ್ಲರನ್ನೂ ಎಣಿಸಿ ಹತ್ತಿಸುತ್ತಿದ್ದುದು, ನೀರಿನ ಮೇಲೆ ಮಾತಾಡದಿದ್ದುದು, ಮಂಗಳವಾರದೊಳಗೆ ಕಾಗದ ಬರುವುದೆಂದು ಕಂಡವರ ತಾಯಂದಿರಿಗೆ ಮಾತು ಕೊಡುತ್ತಿದ್ದುದು—ಇವನ್ನೆಲ್ಲ ನಾವು ಅವರ ಪ್ರೀತಿಯ ಸ್ವಭಾವವೆಂದು ತಿಳಿದಿದ್ದೆವು. ಸ್ವಭಾವವೂ ಹೌದು. ಆದರೆ ಮನುಷ್ಯನ ಒಳ್ಳೆಯತನ ಎಲ್ಲಿಂದ ಬಂತೆಂದು ನಾವು ಕೇಳುವುದೇ ಇಲ್ಲ; ಮರದಲ್ಲಿ ಮಾವು ಬಿಟ್ಟಂತೆ ಅದು ಬಿಡುತ್ತದೆಂದು ತಿಂದು ಹೋಗುತ್ತೇವೆ. ನಾವು ಮನೆಮಂದಿಯೆಲ್ಲ ಸೇರಿ ಹದಿನೈದು ವರ್ಷ ಆಡಿದ ಆ ಕಾಸರಕೋಡದ ಗಾದೆಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವರು ಒಂದು ಸಲವೂ ನಮ್ಮನ್ನು ತಡೆಯಲಿಲ್ಲ.

ಕೊಂಕಣ ರೈಲು 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ, ಚಿತ್ರಾಪುರ, ಭಟ್ಕಳ ಎಂದು ಅಡ್ಡಹೆಸರುಗಳೆಲ್ಲ ಈಗ ಸ್ಟೇಶನ್ನಿನ ಫಲಕಗಳಾಗಿವೆ. ಟಪಾಲಿನ ಸಾರ್ಟರರು ಓಡುವ ಡಬ್ಬಿಯಲ್ಲಿ ನಿಂತು ಕಾಗದ ವಿಂಗಡಿಸುವ ಕಾಲ ಅದಕ್ಕೂ ಮೊದಲೇ ಹೋಗಿತ್ತು. ಹೋದ ಮಳೆಗಾಲದಲ್ಲಿ ಕುಮಟೆಯಲ್ಲಿ ಒಂದು ಕಾರ್ಯ ಮುಗಿಸಿಕೊಂಡು ಶಿರಾಲಿಗೆ ಹೊರಟೆ. ನನಗೂ ಎಪ್ಪತ್ತು ದಾಟಿದೆ; ಬಸ್ಸಿನ ಕುಲುಕಾಟ ಬೇಡವೆಂದು ರೈಲು ಹತ್ತಿದೆ. ಹೊನ್ನಾವರ ಬಿಟ್ಟ ಸ್ವಲ್ಪ ಹೊತ್ತಿಗೆ ಚಕ್ರದ ಸದ್ದು ಬದಲಾಯಿತು. ಕೆಳಗೆ ಶರಾವತಿ. ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆ ಅದು. ಮಳೆ ಸುರಿಯುತ್ತಿತ್ತು, ನೀರು ಕೆಂಪಗಿತ್ತು. ಆಚೆ ದಂಡೆಯ ತೆಂಗಿನ ಮರಗಳು ಒಮ್ಮೆ ಕಾಣಿಸಿ ಒಮ್ಮೆ ಮರೆಯಾಗುತ್ತಿದ್ದವು. ಗಡಿಯಾರ ನೋಡಿಕೊಳ್ಳಬೇಕೆಂದಿದ್ದೆ, ನೋಡುವಷ್ಟರಲ್ಲಿ ದಾಟಿಯಾಗಿತ್ತು.

ಎದುರಿನ ಸೀಟಿನಲ್ಲಿ ಬೆಂಗಳೂರಿನ ಕಡೆ ಓದುವವನೋ ದುಡಿಯುವವನೋ ಆದ ಹುಡುಗನೊಬ್ಬ ಕುಳಿತಿದ್ದ. ಫೋನು ಕಿವಿಗಿಟ್ಟು ಮನೆಗೆ ಹೇಳುತ್ತಿದ್ದ: “ಹೊಳೆ ದಾಟಿತು, ಅಮ್ಮಾ. ಇನ್ನು ಮುಕ್ಕಾಲು ಗಂಟೆ. ಊಟಕ್ಕೆ ಬಂದೆ.”